ಮೇವಿನ ಚೀಲವನ್ನಷ್ಟೇ ಪರೀಕ್ಷಿಸಿದರೆ ಸಾಲದು: ಸೂಕ್ಷ್ಮಾಣು ಪ್ರೋಟೀನ್ ತಯಾರಿಸಲು ಹೊರಟ ಯುವ ತಂತ್ರಜ್ಞರಿಗೆ ಬಹಿರಂಗ ಪತ್ರ

ಪ್ರಿಯ ಯುವ ಜೈವಿಕ ತಂತ್ರಜ್ಞರೇ,

ಮೀಥೇನ್‌ನಿಂದ, ಮೆಥನಾಲ್‌ನಿಂದ, ಉಕ್ಕಿನ ಕಾರ್ಖಾನೆ ಹೊರಬಿಡುವ ಅನಿಲದಿಂದ ಕೋಳಿಗೂ ಮೀನಿಗೂ ಸೀಗಡಿಗೂ ಪ್ರೋಟೀನ್ ತಯಾರಿಸಲು ನೀವು ಹೊರಟಿದ್ದೀರಿ. ಬೆಂಗಳೂರಿನ ಸ್ಟ್ರಿಂಗ್ ಬಯೋ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳನ್ನು ನಂಬಿ ಈ ದಾರಿಯಲ್ಲಿ ಬಹಳ ದೂರ ನಡೆದಿದೆ. ಚೀನಾದ ಚಾಂಗ್‌ಚಿಂಗ್‌ನಲ್ಲಿ ನೈಸರ್ಗಿಕ ಅನಿಲದಿಂದ ವರ್ಷಕ್ಕೆ 20,000 ಟನ್ ಮೀನಿನ ಮೇವು ತೆಗೆಯಬಲ್ಲ ಘಟಕ ಎದ್ದಿದೆ. ಪಶು ಆಹಾರದ ಕೆಲಸದಲ್ಲೇ ಬದುಕು ಕಳೆದವನು ನಾನು. ನಿಮ್ಮ ಕೆಲಸ ಗೆಲ್ಲಲಿ ಎಂದು ಮನಸಾರೆ ಬಯಸುತ್ತೇನೆ, ಆ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಪ್ರಯತ್ನದ ಅಗತ್ಯ ಏನೆಂಬುದು ಕೋಳಿ ಸಾಕುವ ಎಲ್ಲರಿಗೂ ಗೊತ್ತು. ಫೀಡ್‌ನ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ. ಅದು ದಾವಣಗೆರೆ, ಹಾವೇರಿ ಕಡೆಯಿಂದ ಬರುತ್ತದೆ, ಹೇಗೋ ನಿಭಾಯಿಸಬಹುದು. ಕೈ ಸುಡುವುದು ಸೋಯಾ ಹಿಂಡಿ. 2021ರಲ್ಲಿ ಅದರ ಬೆಲೆ ಏರಿದ ಪರಿಗೆ ಎಷ್ಟೋ ಜನ ಶೆಡ್ ಖಾಲಿ ಬಿಟ್ಟರು. ಕುಲಾಂತರಿ ಎಂದರೆ ಉರಿದುಬೀಳುವ ನಮ್ಮ ದೇಶದಲ್ಲೇ ಆ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಸೋಯಾದ 12 ಲಕ್ಷ ಟನ್ ಹಿಂಡಿಯನ್ನು ಹೊರಗಿನಿಂದ ತರಿಸಲು ಒಪ್ಪಿಗೆ ಕೊಡಬೇಕಾಯಿತು. ಹೊಲವನ್ನೂ ಮಳೆಯನ್ನೂ ನೆಚ್ಚಿಕೊಳ್ಳದ ಪ್ರೋಟೀನ್ ಸಿಗುವುದಾದರೆ ಬೇಡ ಎನ್ನುವ ರೈತನಿಲ್ಲ.

ಆದರೆ ಈ ದಾರಿ ಹಿಡಿದವರಲ್ಲಿ ನೀವು ಮೊದಲಿಗರಲ್ಲ. ನಿಮಗಿಂತ ಅರ್ಧ ಶತಮಾನ ಮುಂಚೆ, ನಿಮ್ಮಷ್ಟೇ ಬುದ್ಧಿವಂತರು, ನಿಮ್ಮಷ್ಟೇ ಒಳ್ಳೆಯ ಮನಸ್ಸಿನವರು, ಪೆಟ್ರೋಲಿಯಂನ ಮೇಣದಲ್ಲಿ ಯೀಸ್ಟ್ ಬೆಳೆಸಿ ಜಗತ್ತಿನ ದನ, ಹಂದಿ, ಕೋಳಿಗಳಿಗೆ ಉಣಿಸಲು ಹೊರಟಿದ್ದರು. ಫ್ರಾನ್ಸ್, ಬ್ರಿಟನ್, ಇಟಲಿ, ಜಪಾನ್, ಸೋವಿಯತ್ ಒಕ್ಕೂಟಗಳಲ್ಲಿ ಕೋಟ್ಯಂತರ ಹಣ ಸುರಿದು ಕಟ್ಟಿದ ಆ ಉದ್ಯಮದ ಹೆಸರನ್ನೇ ಇಂದು ಜನ ಮರೆತಿದ್ದಾರೆ. ಅದು ಮುಳುಗಿದ್ದು ತೈಲದ ಬೆಲೆಯಿಂದ ಎಂದು ನಿಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆ ಒಂದು ಸಾಲು ಸಾಲದು.

ಕತೆ ಶುರುವಾಗುವುದು ಫ್ರಾನ್ಸ್‌ನ ಮಾರ್ಸೆಯ್ ಬಳಿಯ ಲಾವೆರಾ ರಿಫೈನರಿಯಲ್ಲಿ. ಬಿಪಿ ಕಂಪನಿಯ ಫ್ರೆಂಚ್ ಶಾಖೆಯಲ್ಲಿದ್ದ ಆಲ್‌ಫ್ರೆಡ್ ಶಾಂಪಾನ್ಯಾ ಮೊದಲಿಗೆ ಹುಡುಕುತ್ತಿದ್ದದ್ದು ಮೇವನ್ನಲ್ಲ. ಗ್ಯಾಸ್ ಆಯಿಲ್‌ನಲ್ಲಿ, ಅಂದರೆ ಡೀಸೆಲ್ ಜಾತಿಯ ಎಣ್ಣೆಯಲ್ಲಿ, ಪ್ಯಾರಾಫಿನ್ ಮೇಣ ಇರುತ್ತದೆ. ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟುವುದು ಅದರಿಂದಲೇ. ಆ ಮೇಣವನ್ನು ಸೂಕ್ಷ್ಮಜೀವಿಗಳಿಂದ ತಿನ್ನಿಸಿಬಿಟ್ಟರೆ ಎಣ್ಣೆ ಹಗುರಾದೀತು ಎಂಬುದು ಅವರ ಯೋಚನೆ. ಕ್ಯಾಂಡಿಡಾ ಜಾತಿಯ ಯೀಸ್ಟ್ ಆ ಕೆಲಸ ಚೆನ್ನಾಗಿ ಮಾಡಿತು. ಮಾಡುತ್ತಾ ತಾನೂ ದಂಡಿಯಾಗಿ ಬೆಳೆಯಿತು. ಒಣಗಿಸಿ ನೋಡಿದರೆ ಅದರಲ್ಲಿ ಶೇ. 60ಕ್ಕೂ ಮಿಗಿಲಾಗಿ ಪ್ರೋಟೀನ್! 1963ರಲ್ಲಿ ಶಾಂಪಾನ್ಯಾ ಮತ್ತು ಸಂಗಡಿಗರು ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರಿಫೈನರಿಯ ಉಪದ್ರವವಾಗಿದ್ದ ಮೇಣ ರಾತ್ರೋರಾತ್ರಿ ಜಗತ್ತಿನ ಹಸಿವಿಗೆ ಮದ್ದಾಗಿ ಕಂಡಿತು. 1976ರಲ್ಲಿ ಯುನೆಸ್ಕೊ ತನ್ನ ವಿಜ್ಞಾನ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು.

ಆ ಫರ್ಮೆಂಟರ್ ಒಳಗೆ ನಡೆಯುತ್ತಿದ್ದದ್ದನ್ನು ನೀವು ಸಲೀಸಾಗಿ ಊಹಿಸಬಲ್ಲಿರಿ. ನೀರು, ಅದರಲ್ಲಿ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು. ಸಾರಜನಕಕ್ಕೆ ಅಮೋನಿಯಾ. ಆಮ್ಲೀಯತೆಯನ್ನು ಹದದಲ್ಲಿ ಹಿಡಿಯುವುದೂ ಅದೇ ಅಮೋನಿಯಾ. ಮೇಣ ನೀರಿನಲ್ಲಿ ಕರಗುವುದಿಲ್ಲವಲ್ಲ, ಅದನ್ನು ಕಲಕಿ ಕಲಕಿ ಸಣ್ಣ ಹನಿಗಳಾಗಿ ಒಡೆಯಬೇಕು. ಯೀಸ್ಟ್ ಕೋಶಗಳು ಆ ಹನಿಗಳಿಗೆ ಅಂಟಿಕೊಂಡು ಮೇಣವನ್ನು ಒಳಗೆಳೆದುಕೊಳ್ಳುತ್ತವೆ. ಸಕ್ಕರೆಯ ತೂಕದಲ್ಲಿ ಅರ್ಧಕ್ಕೂ ತುಸು ಹೆಚ್ಚು ಆಮ್ಲಜನಕವೇ ಇರುತ್ತದೆ, ಪ್ಯಾರಾಫಿನ್‌ನಲ್ಲಿ ಹನಿಯಷ್ಟೂ ಇಲ್ಲ. ಹಾಗಾಗಿ ಹೊರಗಿನಿಂದ ಗಾಳಿಯನ್ನು ಎಡೆಬಿಡದೆ ತುಂಬುತ್ತಲೇ ಇರಬೇಕು. ಯೀಸ್ಟ್ ಮೇಣವನ್ನು ಉರಿಸಿದಷ್ಟೂ ಶಾಖ ಏಳುತ್ತದೆ, ಆ ಶಾಖವನ್ನು ಹೊರಗೆ ಸಾಗಿಸದಿದ್ದರೆ ಯೀಸ್ಟ್ ಬೆಂದುಹೋಗುತ್ತದೆ. ಇಷ್ಟೆಲ್ಲ ಮಾಡಿದರೆ ಕಿಲೋ ಪ್ಯಾರಾಫಿನ್‌ಗೆ ಹೆಚ್ಚುಕಡಿಮೆ ಕಿಲೋ ಒಣ ಯೀಸ್ಟ್ ಕೈಗೆ ಬರುತ್ತಿತ್ತು. ಮೂಲವಸ್ತುವಿನಷ್ಟೇ ತೂಕದ ಫಸಲನ್ನು ಬೆಲ್ಲದ ಮಡ್ಡಿಯಲ್ಲಿ ಯೀಸ್ಟ್ ಬೆಳೆಸಿ ತೆಗೆಯಲು ಬಾರದು. ಮೇಣದ ಹಿರಿಮೆ ಇದ್ದದ್ದು ಅಲ್ಲೇ.

ಬಿಪಿ ಎರಡು ದಾರಿ ಹಿಡಿಯಿತು. ಲಾವೆರಾದಲ್ಲಿ ಗ್ಯಾಸ್ ಆಯಿಲ್ ಅನ್ನೇ ಯೀಸ್ಟ್‌ಗೆ ಕೊಟ್ಟು, ಮೇಣ ತಿಂದ ಮೇಲೆ ಉಳಿದ ಎಣ್ಣೆಯನ್ನು ರಿಫೈನರಿಗೆ ಮರಳಿಸುವುದು, ಯೀಸ್ಟ್‌ಗೆ ಮೆತ್ತಿದ ಎಣ್ಣೆಯನ್ನು ದ್ರಾವಕದಿಂದ ತೊಳೆಯುವುದು. ಸ್ಕಾಟ್‌ಲೆಂಡ್‌ನ ಗ್ರೇಂಜ್‌ಮೌತ್‌ನಲ್ಲಿ ಶುದ್ಧ ಪ್ಯಾರಾಫಿನ್ ಅನ್ನು ಮೊದಲೇ ಬೇರ್ಪಡಿಸಿ, ಅದನ್ನಷ್ಟೇ ತಿನ್ನಿಸುವುದು. ಗ್ಯಾಸ್ ಆಯಿಲ್‌ನಲ್ಲಿ ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಇರಬಹುದಾದ್ದರಿಂದ ಎರಡನೆಯದೇ ಮೇಲು ಎಂದು ಮುಂದೆ ಬಹುಪಾಲು ಕಡೆ ಒಪ್ಪಿದರು. ‘ಟೊಪ್ರಿನಾ’ ಎಂಬ ಹೆಸರಿನಲ್ಲಿ ಮೇವು ಮಾರುಕಟ್ಟೆಗೆ ಬಂತು. ನಮ್ಮಲ್ಲೂ ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ, ಅಸ್ಸಾಮಿನ ಜೋರ್ಹಾಟ್‌ನ ಪ್ರಾದೇಶಿಕ ಸಂಶೋಧನಾಲಯ ಇದೇ ವಿಷಯದ ಬೆನ್ನು ಹತ್ತಿದ್ದವು.

ಆಗಿನವರು ಪರೀಕ್ಷೆ ಮಾಡದೆ ನುಗ್ಗಿದರು ಎಂದು ಭಾವಿಸಬೇಡಿ. ನೆದರ್‌ಲೆಂಡ್ಸ್‌ನ ಝೀಸ್ಟ್‌ನಲ್ಲಿ ಇಲಿಗಳ ಮೇಲೆ ತಲೆಮಾರುಗಟ್ಟಲೆ ಪ್ರಯೋಗ ನಡೆಯಿತು. ಹಂದಿ, ಕೋಳಿಗಳಿಗೂ ತಿನ್ನಿಸಿ ನೋಡಿದರು. ಅಷ್ಟು ಆಳವಾದ ಪರೀಕ್ಷೆಗೆ ಒಳಗಾದ ಮೇವು ಅಲ್ಲಿಯವರೆಗೆ ಬೇರೊಂದಿರಲಿಲ್ಲ ಎಂದರೂ ನಡೆದೀತು. ದೊಡ್ಡ ದೋಷವೇನೂ ಕಾಣಲಿಲ್ಲ. ಯೀಸ್ಟ್‌ನಲ್ಲಿ ನ್ಯೂಕ್ಲಿಯಿಕ್ ಆಮ್ಲ ಜಾಸ್ತಿ, ಅದು ಮನುಷ್ಯನ ರಕ್ತದಲ್ಲಿ ಯೂರಿಕ್ ಆಮ್ಲ ಏರಿಸಿ ಕೀಲು ಹಿಡಿಸುತ್ತದೆ ಎಂಬ ಆಕ್ಷೇಪ ಬಂತು. ಅದು ನಮ್ಮ ತಟ್ಟೆಗೆ ಸಲ್ಲುವ ಮಾತು. ಹಂದಿ, ದನಗಳ ಮೈಯಲ್ಲಿ ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವ ಇದೆ. ಕೋಳಿಯಂತೂ ಸಾರಜನಕವನ್ನು ಹೊರಹಾಕುವುದೇ ಯೂರಿಕ್ ಆಮ್ಲವಾಗಿ. ಹಿಕ್ಕೆಯ ಮೇಲೆ ಬೆಳ್ಳಗೆ ಸುಣ್ಣ ಬಳಿದಂತೆ ಕಾಣುವುದು ಅದೇ. ಅಮೈನೊ ಆಮ್ಲಗಳ ಪೈಕಿ ಕೊರತೆ ಇದ್ದದ್ದು ಮೆಥಿಯೊನಿನ್‌ನಲ್ಲಿ, ಅದನ್ನು ಹೊರಗಿನಿಂದ ಬೆರೆಸಿದರಾಯಿತು. ಲೈಸಿನ್ ಹೇರಳ, ಮೆಕ್ಕೆಜೋಳದ ಜೊತೆಗೆ ಒಳ್ಳೆಯ ಜೋಡಿ.

ಹಾಗಾದರೆ ಎಲ್ಲಿ ಎಡವಿದರು? ಜಪಾನಿನಿಂದ ನೋಡುತ್ತಾ ಬನ್ನಿ.

1968ರ ಆರಂಭದಲ್ಲಿ ಜಪಾನಿನ ಪಶ್ಚಿಮ ಭಾಗದಲ್ಲಿ ಕೋಳಿಗಳು ಸಾಯತೊಡಗಿದವು. ಸತ್ತದ್ದು ಸುಮಾರು 4 ಲಕ್ಷ. ಅವುಗಳ ಮೇವಿಗೆ ಅಕ್ಕಿತೌಡಿನ ಎಣ್ಣೆ ತಯಾರಿಕೆಯ ಉಪ‍ಉತ್ಪನ್ನವೊಂದನ್ನು ಬೆರೆಸಿದ್ದರು. ಕೋಳಿಗಳ ಸಾವು ಮೇವಿನ ವಿಷಯವಾಗಿಯೇ ಉಳಿಯಿತು. ಅದೇ ಕಾರ್ಖಾನೆಯ ಅಡುಗೆ ಎಣ್ಣೆಯನ್ನು ಜನ ತಿನ್ನುತ್ತಲೇ ಇದ್ದರು. ಕೆಲವೇ ತಿಂಗಳಲ್ಲಿ ಸಾವಿರಾರು ಜನರ ಮೈಮೇಲೆ ಕಪ್ಪು ಗುಳ್ಳೆಗಳೆದ್ದವು, ಕಪ್ಪು ಬಣ್ಣದ ಕೂಸುಗಳು ಹುಟ್ಟಿದವು. ಎಣ್ಣೆಗೆ ಸೋರಿದ್ದು ಪಿಸಿಬಿ ಎಂಬ ರಾಸಾಯನಿಕ. ಆ ಪಿಸಿಬಿ ತಯಾರಿಸಿದ್ದು ಕನೆಗಫುಚಿ ಕಂಪನಿ. ಐದು ವರ್ಷ ಕಳೆಯುವುದರೊಳಗೆ ಪ್ಯಾರಾಫಿನ್ ಯೀಸ್ಟ್‌ನ ಮೇವು ತಯಾರಿಸಲು ಮುಂದೆ ಬಂದವರಲ್ಲಿ ಒಬ್ಬರು ಇದೇ ಕನೆಗಫುಚಿಯವರು. ಜಪಾನಿನ ಗೃಹಿಣಿಯರ ಸಂಘಗಳೂ ಬಳಕೆದಾರರ ಸಂಘಟನೆಗಳೂ ಬೀದಿಗಿಳಿದವು. ಮಿನಾಮಾಟಾದಲ್ಲಿ ಕಾರ್ಖಾನೆಯ ಪಾದರಸ ಜನರಿಗೆ ವಿಷವಾದದ್ದನ್ನು ಕಂಡ ದೇಶ ಅದು. ಕಾರ್ಖಾನೆಯವರು ‘ಸುರಕ್ಷಿತ’ ಎಂದದ್ದನ್ನು ನಂಬಿ ಕೆಟ್ಟವರಿಗೆ ಇನ್ನೊಂದು ಪ್ರಮಾಣಪತ್ರ ತೋರಿಸಿ ಏನು ಫಲ? 1973ರಲ್ಲಿ ಕಂಪನಿಗಳು ಯೋಜನೆ ಕೈಬಿಟ್ಟವು. ಸರಿಯಾಗಿ ಅದೇ ವರ್ಷ, ಪೆರು ದೇಶದ ಮೀನುಗಾರಿಕೆ ಕುಸಿದು ಮೀನಿನ ಪುಡಿ ಸಿಗದಾಗಿ, ಜೂನ್‌ನಲ್ಲಿ ಅಮೆರಿಕ ಸೋಯಾ ರಫ್ತನ್ನೇ ನಿಲ್ಲಿಸಿತು. ಪ್ರೋಟೀನ್‌ನ ಅಗತ್ಯ ಅತಿ ಹೆಚ್ಚಾಗಿದ್ದ ಹೊತ್ತಿನಲ್ಲೇ ಜಪಾನಿನ ಜನ ಈ ಯೀಸ್ಟ್ ಮೇವನ್ನು ತಿರಸ್ಕರಿಸಿದರು. ಅವರು ಅವಿವೇಕಿಗಳೆಂದು ನಾನು ಒಪ್ಪಲಾರೆ.

ಇಟಲಿಯದು ಬೇರೆ ದುರಂತ. ಸಾರ್ಡೀನಿಯಾ ದ್ವೀಪದ ಸರ್ರೋಕ್‌ನಲ್ಲಿ ಬಿಪಿಯೂ ಇಟಲಿಯ ಸರ್ಕಾರಿ ತೈಲ ಸಮೂಹದ ಆನಿಕ್ ಕಂಪನಿಯೂ ಸೇರಿ ವರ್ಷಕ್ಕೆ ಒಂದು ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆ ಕಟ್ಟಿದವು. ಕಲಾಬ್ರಿಯಾದ ಸಾಲಿನೆ ಜೋನಿಕೆಯಲ್ಲಿ ಲಿಕ್ವಿಕಿಮಿಕಾ ಎಂಬ ಕಂಪನಿ ಅಷ್ಟೇ ದೊಡ್ಡದನ್ನು ಕಟ್ಟಿತು. ಯಂತ್ರಗಳು ಸಿದ್ಧವಾದ ಮೇಲೆ ಇಟಲಿಯ ಆರೋಗ್ಯ ಇಲಾಖೆಯ ವಿಜ್ಞಾನಿಗಳು ತಕರಾರು ತೆಗೆದರು: ಈ ಮೇವು ತಿಂದ ಹಂದಿಯ ಕೊಬ್ಬಿನಲ್ಲಿ ಪ್ಯಾರಾಫಿನ್ ಶೇಷ ಉಳಿಯುತ್ತಿದೆ. ಸೇಬಿನ ಸಿಪ್ಪೆಯಲ್ಲೂ ಕೋಸಿನ ಎಲೆಯಲ್ಲೂ ಆ ಜಾತಿಯ ಮೇಣ ಇದ್ದೇ ಇದೆ ಎಂಬುದೂ ನಿಜವೇ. ಅದು ತೂಗಿ ನೋಡಬೇಕಾದ ವಾದ. ಆದರೆ ಕಟ್ಟಡಕ್ಕೆ ಮುಂಚೆ ನಡೆಯಬೇಕಿದ್ದ ಚರ್ಚೆ ಕಟ್ಟಡ ಮುಗಿದ ಮೇಲೆ ನಡೆಯಿತು. ಪರವಾನಗಿ ಬರಲೇ ಇಲ್ಲ. ಸಾಲಿನೆ ಜೋನಿಕೆಯಲ್ಲಿ ಬರ್ಗಮೊಟ್ ಎಂಬ ಪರಿಮಳದ ನಿಂಬೆಯ ತೋಟಗಳನ್ನು ಕಡಿದು ಕಾರ್ಖಾನೆ ಕಟ್ಟಿದ್ದರು. ಕೆಲಸಕ್ಕೆ ಸೇರಿದವರು ಉತ್ಪಾದನೆ ಕಾಣದೆ ವರ್ಷಗಟ್ಟಲೆ ಸರ್ಕಾರದ ಪರಿಹಾರ ಭತ್ಯೆಯಲ್ಲಿ ಬದುಕಿದರು. ಕಾರ್ಖಾನೆಗೆಂದು ಕಟ್ಟಿದ ಬಂದರಿನಲ್ಲಿ ಮರಳು ತುಂಬಿತು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಕಿರೀಶಿ ಎಂಬ ಸೋವಿಯತ್ ಊರಿನ ವಿಷಯ.

ಸೋವಿಯತ್ ಒಕ್ಕೂಟದಲ್ಲಿ ಯಾರ ಪರವಾನಗಿಯೂ ಅಡ್ಡ ಬರಲಿಲ್ಲ. ಅಲ್ಲಿ ಧಾನ್ಯದ ಕೊರತೆ, ಸೋಯಾ ಬೆಳೆಗೆ ಒಗ್ಗುವ ಹವೆ ಕಡಿಮೆ, ತೈಲ ಮಾತ್ರ ಬೇಕಾದಷ್ಟು. ಕಿರೀಶಿ, ಕ್ಸ್ತೋವೊ, ನೊವೊಪೊಲೊತ್ಸ್ಕ್, ಸ್ವೆತ್ಲಿ ಯಾರ್, ಅಂಗಾರ್ಸ್ಕ್ ಹೀಗೆ ಊರೂರಲ್ಲಿ ಕಾರ್ಖಾನೆಗಳೆದ್ದವು. 1980ರ ದಶಕದಲ್ಲಿ ಅಲ್ಲಿ ವರ್ಷಕ್ಕೆ 10 ಲಕ್ಷ ಟನ್ ಆಸುಪಾಸು ಈ ಯೀಸ್ಟ್ ತಯಾರಾಗುತ್ತಿತ್ತು. ಹಂದಿಗಳೂ ಕೋಳಿಗಳೂ ತಿಂದು ಬೆಳೆದವು. ಮೇವಿನ ಮಟ್ಟಿಗೆ ನೋಡಿದರೆ ಜಗತ್ತಿನಲ್ಲಿ ಈ ಉದ್ಯಮ ನಿಜಕ್ಕೂ ಗೆದ್ದದ್ದು ಅಲ್ಲಿ ಮಾತ್ರ.

ಕಿರೀಶಿ ಲೆನಿನ್‌ಗ್ರಾದ್ ಪ್ರಾಂತ್ಯದ ವೊಲ್ಖೊವ್ ನದಿಯ ದಡದ ಊರು. ಯುದ್ಧದಲ್ಲಿ ನೆಲಸಮವಾಗಿ, ರಿಫೈನರಿಗೋಸ್ಕರ ಮತ್ತೆ ಕಟ್ಟಿದ್ದು. ಎಳೆ ಕುಟುಂಬಗಳು, ಸಣ್ಣ ಮಕ್ಕಳು ತುಂಬಿದ್ದ ಊರು. 1970ರ ದಶಕದಲ್ಲಿ ಅಲ್ಲಿ ಯೀಸ್ಟ್ ಕಾರ್ಖಾನೆ ಶುರುವಾದ ಮೇಲೆ ಜನರಿಗೆ ಕೆಮ್ಮು, ಮೈ ತುರಿಕೆ, ಉಬ್ಬಸ ಹತ್ತಿಕೊಂಡವು. ಕಾರಣ ಬಹಳ ಸರಳ. ಫರ್ಮೆಂಟರ್‌ನಿಂದ ಬಂದ ಯೀಸ್ಟ್ ಹಾಲನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುತ್ತಾರೆ. ಕಣ್ಣಿಗೆ ಕಾಣದಷ್ಟು ನಯವಾದ ಪುಡಿ ಆ ಗಾಳಿಯ ಜೊತೆಗೇ ಚಿಮಣಿಯಿಂದ ಆಚೆ ಹೋಗುತ್ತದೆ. ಆ ಪುಡಿಯಲ್ಲಿರುವುದು ಬಹುಪಾಲು ಪ್ರೋಟೀನ್. ಹೊಟ್ಟೆಗೆ ಹೋದರೆ ಆಹಾರ, ಶ್ವಾಸಕೋಶಕ್ಕೆ ಹೋದರೆ ಅಲರ್ಜಿ. ಹಗಲೂ ರಾತ್ರಿ ವರ್ಷಗಟ್ಟಲೆ ಅದನ್ನೇ ಉಸಿರಾಡಿದ ಮಕ್ಕಳ ಗತಿ ಏನಾದೀತೆಂದು ಯಾವ ಇಲಿಯ ಪ್ರಯೋಗವೂ ಕೇಳಿರಲಿಲ್ಲ, ಏಕೆಂದರೆ ಇಲಿಗಳಿಗೆ ಪುಡಿಯನ್ನು ತಿನ್ನಿಸಿದ್ದರು. ಊರಿನ ಆರೋಗ್ಯದ ಅಂಕಿಅಂಶ ಹೊರಬರದಂತೆ ನೋಡಿಕೊಂಡರು. ಮಕ್ಕಳು ತೀರಿಕೊಂಡಾಗ ತಾಯಂದಿರಿಗೆ ಉತ್ತರ ಕೊಡುವವರಿರಲಿಲ್ಲ.

1987ರ ಜೂನ್ 1, ಮಕ್ಕಳ ರಕ್ಷಣಾ ದಿನ. ಅಂದು ಕಿರೀಶಿಯ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗೆ ಬಂದರು. ಚೆರ್ನೋಬಿಲ್ ಸ್ಫೋಟವಾಗಿ ಆಗಿನ್ನೂ ವರ್ಷ ದಾಟಿತ್ತಷ್ಟೆ. ಅನುಮತಿಯಿಲ್ಲದೆ ಜನ ಸೇರುವುದೇ ಅಪರಾಧವಾಗಿದ್ದ ದೇಶದಲ್ಲಿ ಅದು ಸಣ್ಣ ಮಾತಲ್ಲ. ಕಿರೀಶಿಯ ದನಿ ಉಳಿದ ಊರುಗಳಿಗೂ ಹಬ್ಬಿತು. 1989ರ ಕೊನೆಗೆ ಸೋವಿಯತ್ ಸಂಸತ್ತು ಪ್ಯಾರಾಫಿನ್‌ನಿಂದ ಮೇವಿನ ಯೀಸ್ಟ್ ತಯಾರಿಸುವುದನ್ನು 1991ರಲ್ಲಿ ನಿಲ್ಲಿಸಬೇಕೆಂದು ನಿರ್ಣಯ ಮಾಡಿತು.

ಈಗ ನೋಡಿ, ಮೇವು ಪ್ರಾಣಿಗಳಿಗೆ ಒಗ್ಗಿದ ದೇಶದಲ್ಲೇ ಕಾರ್ಖಾನೆಯನ್ನು ಮುಚ್ಚಿಸಿದ್ದು ಅದರ ಧೂಳು, ಮತ್ತು ಆ ಧೂಳಿನ ಬಗ್ಗೆ ಮುಚ್ಚಿಟ್ಟ ಸತ್ಯ. ಬೆಲೆಯ ಮಾತು ನಾನು ತಳ್ಳಿಹಾಕುವುದಿಲ್ಲ. 1973ರ ಕೊನೆಯಲ್ಲಿ ತೈಲ ನಾಲ್ಕು ಪಟ್ಟು ತುಟ್ಟಿಯಾದ ಮೇಲೆ ಪಶ್ಚಿಮದಲ್ಲಿ ಲೆಕ್ಕ ಕೂಡಲಿಲ್ಲ ನಿಜ. ಬ್ರಿಟನ್ನಿನ ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಐಸಿಐ ಕಂಪನಿ ಮೆಥನಾಲ್‌ನಿಂದ ‘ಪ್ರುಟೀನ್’ ತಯಾರಿಸಲು ಜಗತ್ತಿನಲ್ಲೇ ಅತಿ ದೊಡ್ಡ ಫರ್ಮೆಂಟರ್ ನಿಲ್ಲಿಸಿ, ಸೋಯಾದ ಅಗ್ಗದ ಬೆಲೆಗೆ ಸೋತು 1980ರ ದಶಕದಲ್ಲೇ ಬಾಗಿಲು ಹಾಕಿತು. ಆದರೆ ಬೆಲೆ ಇಂದು ಏರುತ್ತದೆ, ನಾಳೆ ಇಳಿಯುತ್ತದೆ, ನಷ್ಟ ಕಂಡ ಉದ್ಯಮ ಇನ್ನೊಂದು ಕಾಲಕ್ಕೆ ಎದ್ದು ನಿಲ್ಲಬಹುದು. ಊರಿನ ಮಕ್ಕಳ ಉಸಿರು ಕಟ್ಟಿಸಿದ ಉದ್ಯಮ ಏಳಲಾರದು, ಏಳಲೂಬಾರದು.

ನಿಮ್ಮ ಕೆಲಸಕ್ಕೆ ಇದು ನೇರವಾಗಿ ತಟ್ಟುತ್ತದೆ. ನಿಮ್ಮದು ಯೀಸ್ಟ್ ಅಲ್ಲ, ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಇರಬಹುದು. ಮೇಣದ ಶೇಷ, ಬೆಂಜೊಪೈರೀನ್‌ಗಳ ಭಯ ನಿಮಗಿಲ್ಲ, ಅನಿಲ ಉಳಿದರೂ ಹಾರಿಹೋಗುತ್ತದೆ. ಮೀಥೇನ್ ತಿನ್ನುವ ಮೆಥೈಲೊಕಾಕಸ್‌ನ ಪ್ರೋಟೀನ್ ಮೇವಿಗೆ ಯೂರೋಪ್ 1990ರ ದಶಕದಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ಮೆಥೈಲೊಕಾಕಸ್ ಗ್ರಾಂ-ನೆಗೆಟಿವ್ ಜಾತಿಯದು. ಅಂಥವುಗಳ ಹೊರಪೊರೆಯಲ್ಲಿ ಎಂಡೊಟಾಕ್ಸಿನ್ ಇರುತ್ತದೆ ಎಂದು ನೀವು ಮೊದಲ ವರ್ಷದಲ್ಲೇ ಓದಿದ್ದೀರಿ. ಒಣ ಧೂಳಿನಲ್ಲಿ ಅದು ಶ್ವಾಸಕೋಶ ಸೇರಿದರೆ ಉರಿಯೂತ ಗ್ಯಾರಂಟಿ. ನಿಮ್ಮ ಸ್ಪ್ರೇ ಡ್ರೈಯರ್ ಕಿರೀಶಿಯ ಡ್ರೈಯರ್ ಮಾಡಿದ ಕೆಲಸವನ್ನೇ ಮಾಡುತ್ತದೆ. ಚೀಲ ತುಂಬುವ ಹಮಾಲಿ, ಫೀಡ್ ಮಿಲ್‌ನಲ್ಲಿ ಮಿಕ್ಸರ್ ಬಾಯಿಗೆ ಪುಡಿ ಸುರಿಯುವ ಹೆಣ್ಣುಮಗಳು, ಇವರಿಗೆ ಟವೆಲ್ಲೇ ಮಾಸ್ಕ್ ಎಂಬುದನ್ನು ನಾನು ಕಂಡಿದ್ದೇನೆ. ಬಂಡವಾಳ ಹೂಡುವವರ ಮುಂದೆ ನೀವು ತೋರಿಸುವ ಚಿತ್ರಗಳಲ್ಲಿ ಜೀರ್ಣಶಕ್ತಿಯ ಶೇಕಡಾ ಇರುತ್ತದೆ, ಇಂಗಾಲದ ಲೆಕ್ಕ ಇರುತ್ತದೆ. ಡ್ರೈಯರ್‌ನ ಆಚೆ ಎಷ್ಟು ಪುಡಿ ಹೋಗುತ್ತದೆಂಬ ಅಂಕಿ ಅದೇ ಚಿತ್ರದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಇರಲಿ. ಪುಡಿಯ ಬದಲು ಹರಳು ಮಾಡಿ ಮಾರುವುದು, ಡ್ರೈಯರ್‌ನ ಗಾಳಿಯನ್ನು ಹೊರಗೆ ಬಿಡದೆ ತಿರುಗಿಸಿ ಬಳಸುವುದು, ಒಳ್ಳೆಯ ಫಿಲ್ಟರ್ ಹಾಕುವುದು ನಿಮಗೆ ಗೊತ್ತಿಲ್ಲದ ವಿದ್ಯೆಗಳಲ್ಲ. ಹಣ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಅವುಗಳಿಗೇ ಎಂಬುದಷ್ಟೇ ನನ್ನ ಆತಂಕ.

ಅನಿಲ ಎಲ್ಲಿಂದ ಬರುತ್ತದೆ ಎಂಬುದನ್ನೂ ಬಿಚ್ಚಿ ಹೇಳಿ. ನಮ್ಮ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಹಡಗಿನಲ್ಲಿ ಹೊರಗಿನಿಂದ ಬರುವುದು. ಸಗಣಿ ಅನಿಲದಿಂದಲೋ ಊರಿನ ಕಸದ ಅನಿಲದಿಂದಲೋ ತಯಾರಿಸಿದರೆ ಅದರ ಮಾತೇ ಬೇರೆ. ಆಮದು ಅನಿಲದಿಂದ ತಯಾರಿಸಿ ಸ್ವದೇಶಿ ಪ್ರೋಟೀನ್ ಎಂದು ಮಾರಬೇಡಿ.

ಇನ್ನು ರೈತನ ವಿಷಯ. ಹೊಸ ಚೀಲ ಬಿಚ್ಚಿದಾಗ ನಮ್ಮ ಕೋಳಿ ಫಾರಂನವರು ಮೊದಲು ಮಾಡುವ ಕೆಲಸ ಒಂದೇ. ಒಂದು ಹಿಡಿ ತೆಗೆದು ಮೂಸುತ್ತಾರೆ, ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ, ಮುಗ್ಗಲು ವಾಸನೆ ಬಂದರೆ ವಾಪಸ್ ಕಳಿಸುತ್ತಾರೆ. ಅವರಿಗೆ ಗೊತ್ತಿರುವ ಪರೀಕ್ಷೆ ಇದು. ನಿಮ್ಮ ಪುಡಿಯ ಗುಣ ದೋಷ ಈ ಪರೀಕ್ಷೆಗೆ ಸಿಗುವುದಿಲ್ಲ. ಆದ್ದರಿಂದ ಅವರ ಪರವಾಗಿ ನೋಡುವ ಹೊಣೆ ನಿಮ್ಮದು. ಯಾವ ಜೀವಿಯಿಂದ, ಯಾವ ಅನಿಲದಿಂದ ತಯಾರಾದದ್ದು, ಯಾವ ಪ್ರಾಣಿಗೆ ಎಷ್ಟು ಬೆರೆಸಬೇಕು, ಯಾರು ಪರೀಕ್ಷಿಸಿದರು ಎಂಬುದು ಚೀಲದ ಮೇಲೆ ಕನ್ನಡದಲ್ಲಿ ಇರಲಿ. ಕೋಳಿಗಳು ಕುಗ್ಗಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಇರಲಿ. ದೂರು ಬಂದರೆ ಅದನ್ನು ಮೇವಿನ ವಿಷಯವೆಂದು ಮುಚ್ಚಿಡದೆ ಪಶುವೈದ್ಯ ಇಲಾಖೆಗೂ ಆರೋಗ್ಯ ಇಲಾಖೆಗೂ ಅಂದೇ ತಿಳಿಸಿ. 1968ರಲ್ಲಿ ಜಪಾನಿನ ಕೋಳಿಗಳ ಸುದ್ದಿ ಹಾಗೆ ತಲುಪಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಕೊನೆಯದಾಗಿ ಒಂದು ಬೇಡಿಕೆ. ನಿಮ್ಮ ಘಟಕಕ್ಕೆ ಜಾಗ ಗೊತ್ತಾದ ಕೂಡಲೇ, ಮೊದಲ ಟನ್ ಒಣಗಿಸುವುದಕ್ಕೆ ಮುಂಚೆ, ಸುತ್ತಲ ಹಳ್ಳಿಗಳ ಅಂಗನವಾಡಿ ಮತ್ತು ಶಾಲೆಯ ಮಕ್ಕಳ ಉಸಿರಾಟದ ತಪಾಸಣೆಯನ್ನು ನಿಮ್ಮ ಹಿಡಿತದಲ್ಲಿಲ್ಲದ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಿಂದ ಮಾಡಿಸಿ. ಘಟಕ ಶುರುವಾದ ಮೇಲೆ ಪ್ರತಿ ವರ್ಷ ಅದೇ ತಪಾಸಣೆ ಮತ್ತೆ ನಡೆಯಲಿ. ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಅಂಟಿಸಿ. ಅದರ ಖರ್ಚನ್ನು ಫರ್ಮೆಂಟರ್‌ನ ಖರ್ಚಿನ ಜೊತೆಗೇ ಇಂದೇ ಬಜೆಟ್ಟಿಗೆ ಸೇರಿಸಿ.

ಇತಿ ನಿಮ್ಮ ಹಿತಚಿಂತಕ,
ಪಶು ಆಹಾರ ಕ್ಷೇತ್ರದ ಒಬ್ಬ ಹಿರಿಯ